ಕೀಟಗಳ ಮೇಷ್ಟರು: ಆನ್ರಿ ಫಾಬ್ರ

ಹಳ್ಳಿಯ ಮನೆಗಳಲ್ಲಿ ಗೋಡೆಯ ಮೂಲೆಗೋ ತೊಲೆಯ ಸಂದಿಗೋ ಕಣಜದ ಹುಳು ಮಣ್ಣಿನ ಗೂಡು ಕಟ್ಟುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅದು ಎಲ್ಲಿಂದಲೋ ಒಂದು ಹುಳುವನ್ನು ಹಿಡಿದು ತಂದು ಗೂಡಿನೊಳಗಿಟ್ಟು ಬಾಯಿ ಮುಚ್ಚುತ್ತದೆ. ಕೆಲವು ದಿನಗಳಾದ ಮೇಲೆ ಆ ಗೂಡನ್ನು ಕೊರೆದುಕೊಂಡು ಹೊರಗೆ ಬರುವುದು ಹುಳುವಲ್ಲ, ಕಣಜ. ಸೆರೆಯಲ್ಲಿದ್ದ ಹುಳು ತನ್ನನ್ನು ಹಿಡಿದು ತಂದ ಕಣಜವನ್ನೇ ಹಗಲಿರುಳೂ ಚಿಂತಿಸಿ ಚಿಂತಿಸಿ ಕಡೆಗೆ ತಾನೂ ಕಣಜವೇ ಆಯಿತೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಇದೇ ಕೀಟಭ್ರಮರ ನ್ಯಾಯ. ಧ್ಯಾನದಿಂದ ಜೀವನು ದೇವನಾಗುವನೆಂಬುದನ್ನು ತಿಳಿಯಹೇಳಲು ನಮ್ಮ ಹಿರಿಯರು ಬಳಸಿದ ಉಪಮಾನವಿದು. ಪ್ರೌಢಶಾಲೆಯಲ್ಲಿದ್ದಾಗ ಏಕಾಗ್ರತೆಯನ್ನು ಕುರಿತ ಪ್ರಬಂಧದಲ್ಲಿ ನಾನೂ ಇದನ್ನು ಬರೆದು ಒಳ್ಳೆಯ ಅಂಕಗಳನ್ನು ಪಡೆದಿದ್ದೆ. ಆದರೆ ಒಂದು ದಿನವಾದರೂ ಆ ಗೂಡನ್ನು ಒಡೆದು ಒಳಗೇನಿದೆಯೆಂದು ನೋಡಲಿಲ್ಲ. ನೋಡಬೇಕೆಂದೂ ತೋರಲಿಲ್ಲ. ಕಥೆಯ ಕೊನೆ ಗೊತ್ತಿದ್ದವನಿಗೆ ನೋಡುವ ಅಗತ್ಯವೇನು?

ಹಾಗೆ ಒಡೆದು ನೋಡಿದವನೊಬ್ಬನಿದ್ದ. ಒಮ್ಮೆ ನೋಡಿ ಎದ್ದುಹೋದವನಲ್ಲ. ಬಾಳಿನುದ್ದಕ್ಕೂ ಬಿಸಿಲಿನಲ್ಲಿ ಕುಳಿತು ನೋಡಿದವನು. ನೋಡಿದುದರಿಂದ ತನಗೇನು ದೊರೆಯುವುದೆಂದು ಲೆಕ್ಕ ಹಾಕದೆ, ಕಂಡುದನ್ನು ಕಂಡಂತೆ ಬರೆದಿಟ್ಟವನು. ಫ್ರಾನ್ಸ್ ದೇಶದ ಆ ಬಡ ಮೇಷ್ಟರ ಹೆಸರು ಜ್ಯಾಂ ಆನ್ರಿ ಫಾಬ್ರ. ಅವನ ಬಾಳಿನ ಕಥೆಯನ್ನು ನನಗೆ ತಿಳಿದಷ್ಟು ಮಟ್ಟಿಗೆ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಫಾಬ್ರ ಹುಟ್ಟಿದುದು ೧೮೨೩ನೆಯ ಇಸವಿಯ ಡಿಸೆಂಬರಿನಲ್ಲಿ, ದಕ್ಷಿಣ ಫ್ರಾನ್ಸಿನ ಸೇಂಟ್ ಲೆಯೋನ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ತಂದೆತಾಯಿಗಳು ಬಡವರು. ತಾಯಿಗೆ ಸಾಕುವ ಶಕ್ತಿ ಸಾಲದೆ, ಮಗುವನ್ನು ಅಜ್ಜ ಅಜ್ಜಿಯರಿದ್ದ ಮಲವಾಲ್ ಎಂಬ ಒಂಟಿ ಹೊಲಮನೆಗೆ ಕಳುಹಿಸಿದರು. ದನ ಕುರಿಗಳ ಯೋಗಕ್ಷೇಮವನ್ನು ಬಿಟ್ಟರೆ ಬೇರೇನನ್ನೂ ಅರಿಯದ ಅಜ್ಜ ಪುಸ್ತಕವನ್ನು ತೆರೆದವನಲ್ಲ. ವಂಶದಲ್ಲಿ ಹಿಂದೆ ಯಾರೂ ಹುಳುಹುಪ್ಪಟೆಗಳನ್ನು ಆಸಕ್ತಿಯಿಂದ ನೋಡಿದವರಿರಲಿಲ್ಲ; ಕಾಲಡಿ ಸಿಕ್ಕರೆ ಹೊಸಕಿಹಾಕುವುದಷ್ಟೇ ಅವರಿಗೆ ಗೊತ್ತಿತ್ತು. ಈ ಗೀಳು ತನಗೆ ಎಲ್ಲಿಂದ ಬಂತೆಂದು ಫಾಬ್ರನೇ ಮುಪ್ಪಿನಲ್ಲಿ ವಿಸ್ಮಯಪಟ್ಟಿದ್ದಾನೆ.

ಏಳನೆಯ ವಯಸ್ಸಿನಲ್ಲಿ ಊರಿಗೆ ಮರಳಿ ಶಾಲೆಗೆ ಸೇರಿದ. ಮೇಷ್ಟರೇ ಊರಿನ ಕ್ಷೌರಿಕ. ಇಗರ್ಜಿಯ ಗಂಟೆ ಬಾರಿಸುವವನೂ ಅವನೇ. ಪಾಠದ ಕೋಣೆಯೇ ಅಡುಗೆಮನೆ; ಹಂದಿಮರಿಗಳೂ ಕೋಳಿಗಳೂ ಅದರೊಳಗೆ ನುಗ್ಗುತ್ತಿದ್ದುವು. ಹುಡುಗನಿಗೆ ಅಕ್ಷರ ಹತ್ತಲಿಲ್ಲ. ತಂದೆ ಪೇಟೆಯಿಂದ ಕೆಲವು ಕಾಸು ಕೊಟ್ಟು, ಒಂದೊಂದು ಅಕ್ಷರಕ್ಕೆ ಒಂದೊಂದು ಪ್ರಾಣಿಯ ಚಿತ್ರವಿದ್ದ ಬಣ್ಣದ ಹಾಳೆಯೊಂದನ್ನು ತಂದುಕೊಟ್ಟ ಮೇಲೆ ಕೆಲವೇ ದಿನಗಳಲ್ಲಿ ಓದು ಬಂತು. ಅವನಿಗೆ ಅಕ್ಷರ ಕಲಿಸಿದವು ಪ್ರಾಣಿಗಳು.

ಆ ದಿನಗಳ ಇನ್ನೊಂದು ಸಂಗತಿ ಹೇಳುವಂತಹುದು. ಬಾತುಕೋಳಿಯ ಮರಿಗಳನ್ನು ಕೊಳಕ್ಕೆ ಹೊಡೆದುಕೊಂಡು ಹೋಗುವುದು ಹುಡುಗನ ಕೆಲಸ. ಮರಿಗಳು ಕೆಸರಿನಲ್ಲಿ ಕೊಕ್ಕಾಡುತ್ತಿರುವಾಗ ಇವನು ಹೊಳೆಯುವ ಕಲ್ಲುಗಳನ್ನೂ ಗಿಡದ ಮೇಲಿನ ನೀಲಿ ದುಂಬಿಯನ್ನೂ ಕಂಡು ಮೈಮರೆತ. ಸಂಜೆ ಜೇಬು ತುಂಬ ಕಲ್ಲು ತುಂಬಿಕೊಂಡು, ಬಟ್ಟೆ ಹರಿದುಕೊಂಡು ಮನೆಗೆ ಬಂದಾಗ ತಂದೆ ಗದರಿದ, ತಾಯಿ ನೊಂದುಕೊಂಡಳು. ದನಕ್ಕೆ ಹುಲ್ಲನ್ನಾದರೂ ತಂದಿದ್ದರೆ ಒಂದು ಪ್ರಯೋಜನವಿತ್ತು, ಕಲ್ಲಿನಿಂದೇನು ಫಲ? ಸಂಪತ್ತೆಲ್ಲ ತಿಪ್ಪೆಯ ಪಾಲಾಯಿತು. ಆ ತಾಯಿಯನ್ನು ನಾವು ಹಳಿಯಬಾರದು. ತುತ್ತು ಅನ್ನಕ್ಕೆ ದುಡಿಯುವ ಮನೆಯಲ್ಲಿ ಪ್ರಯೋಜನದ ಪ್ರಶ್ನೆ ಮೊದಲು ಬರುವುದು ಸಹಜ. ನಮ್ಮ ಕಾಲೇಜಿನಲ್ಲಿ ಓದುತ್ತಿರುವ ಹೆಚ್ಚಿನವರ ಮನೆಗಳಲ್ಲಿಯೂ ಈ ಪ್ರಶ್ನೆ ದಿನವೂ ಏಳುತ್ತದೆ.

ತಂದೆ ಊರು ಬಿಟ್ಟು ರೊಡೇಸ್ ಪಟ್ಟಣದಲ್ಲಿ ಕಾಫಿ ಅಂಗಡಿಯಿಟ್ಟ. ಹುಡುಗ ಅಲ್ಲಿಯ ಶಾಲೆಯ ಪೂಜಾಮಂದಿರದಲ್ಲಿ ಊಳಿಗ ಮಾಡಿ, ಅದಕ್ಕೆ ಬದಲಾಗಿ ಶುಲ್ಕವಿಲ್ಲದೆ ಓದಿದ. ಅಂಗಡಿ ನಡೆಯಲಿಲ್ಲ. ಸಂಸಾರ ಊರಿಂದೂರಿಗೆ ಅಲೆದು ಚದುರಿಹೋಯಿತು. ಹದಿನೈದರ ಆಸುಪಾಸಿನ ಹುಡುಗ ಸಂತೆಯಲ್ಲಿ ನಿಂಬೆಹಣ್ಣು ಮಾರಿದ. ರೈಲುದಾರಿ ಹಾಕುವಲ್ಲಿ ಕೂಲಿ ಮಾಡಿದ. ಇಂತಹ ಸ್ಥಿತಿಯಲ್ಲಿಯೇ ಅವಿನ್ಯೋನ್ ನಗರದ ಉಪಾಧ್ಯಾಯರ ಶಿಕ್ಷಣಶಾಲೆಯ ಸ್ಪರ್ಧಾಪರೀಕ್ಷೆಗೆ ಕುಳಿತು ಮೊದಲಿಗನಾಗಿ ತೇರ್ಗಡೆ ಹೊಂದಿ ವಿದ್ಯಾರ್ಥಿವೇತನವನ್ನು ಪಡೆದ. ೧೮೪೨ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮುನ್ನ, ಕಾರ್ಪಾಂತ್ರಾಸ್ ಎಂಬ ಊರಿನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾದ. ವರ್ಷಕ್ಕೆ ೭೦೦ ಫ್ರಾಂಕ್ ಸಂಬಳ.

ಅಲ್ಲಿ ಅವನು ಹುಡುಗರನ್ನು ಬಯಲಿಗೆ ಕರೆದೊಯ್ದು ನೆಲದ ಅಳತೆಯನ್ನು ಕಲಿಸುತ್ತಿದ್ದ. ಗುರುತಿನ ಕೋಲು ನೆಡಲು ಹೋದ ಹುಡುಗ ಅರ್ಧದಲ್ಲಿಯೇ ಬಗ್ಗಿ, ಏನನ್ನೋ ಹುಡುಕಿ, ಹುಲ್ಲುಕಡ್ಡಿಯನ್ನು ಬಾಯಿಗಿಡುವುದನ್ನು ಮೇಷ್ಟರು ಗಮನಿಸಿದ. ಕಲ್ಲುಗಳ ಮೇಲೆ ಜೇನಿನ ಜಾತಿಯ ಒಂದು ಕರಿಯ ಹುಳು ಗಾರೆಯಂತಹ ಗಟ್ಟಿ ಗೂಡು ಕಟ್ಟಿತ್ತು. ಹುಡುಗರು ಅದರ ಜೇನನ್ನು ಕಡ್ಡಿಯಿಂದ ಹೀರುತ್ತಿದ್ದರು! ಬೇರೊಬ್ಬ ಮೇಷ್ಟರಾಗಿದ್ದರೆ ಬೆತ್ತ ಎತ್ತುತ್ತಿದ್ದ. ಫಾಬ್ರ ತಾನೂ ಬಗ್ಗಿ ನೋಡಿದ. ಆ ಹುಳುವಿನ ವಿಷಯ ತಿಳಿಯಲು, ಒಂದು ತಿಂಗಳ ಸಂಬಳದಷ್ಟು ಬೆಲೆಯ ಕೀಟಶಾಸ್ತ್ರದ ಗ್ರಂಥವನ್ನು ಕೊಂಡುಕೊಂಡ. ಮನೆಯ ಖರ್ಚನ್ನು ಹೇಗೆ ತೂಗಿಸಿದನೋ ದೇವರೇ ಬಲ್ಲ.

ಆದರೂ ಕೀಟಗಳ ಅಧ್ಯಯನವೇ ತನ್ನ ಬಾಳೆಂದು ಅವನು ಆಗ ಎಣಿಸಿರಲಿಲ್ಲ. ಮೇಲೇರಬೇಕಾದರೆ ಗಣಿತವೇ ದಾರಿಯೆಂದು ತಿಳಿದು, ಗುರುವಿಲ್ಲದೆ ತಾನೇ ಓದಿ ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಪದವಿಗಳನ್ನು ಪಡೆದ. ೧೮೪೯ರಲ್ಲಿ ಕಾರ್ಸಿಕಾ ದ್ವೀಪದ ಅಜಾಕ್ಸಿಯೋ ನಗರದಲ್ಲಿ ಭೌತಶಾಸ್ತ್ರದ ಅಧ್ಯಾಪಕನಾದ. ಗಿಡಮೂಲಿಕೆಗಳನ್ನು ಅರಸುತ್ತ ಅಲ್ಲಿಗೆ ಬಂದಿದ್ದ ಮೋಕಾಂ ತಾಂದೋಂ ಎಂಬ ವಿದ್ವಾಂಸ ಇವನ ಮನೆಯಲ್ಲಿ ಇಳಿದುಕೊಂಡಿದ್ದ. ಒಂದು ದಿನ ಆತ ನೀರು ತುಂಬಿದ ತಟ್ಟೆಯಲ್ಲಿ ಬಸವನಹುಳುವನ್ನಿಟ್ಟು, ಹೊಲಿಗೆಯ ಸೂಜಿ ಕತ್ತರಿಗಳಿಂದಲೇ ಅದರ ಒಳರಚನೆಯನ್ನೆಲ್ಲ ಬಿಡಿಸಿ ತೋರಿಸಿದ. ಗಣಿತವನ್ನು ಬಿಟ್ಟು ಜೀವಿಗಳನ್ನು ನೋಡೆಂದು ಬುದ್ಧಿ ಹೇಳಿದ. ಜೀವಶಾಸ್ತ್ರದಲ್ಲಿ ಫಾಬ್ರನಿಗೆ ಗುರುಮುಖೇನ ದೊರೆತ ಪಾಠ ಇದೊಂದೇ ಎನ್ನಬಹುದು.

೧೮೫೩ರಲ್ಲಿ ಅವಿನ್ಯೋನ್ ನಗರದ ಶಾಲೆಗೆ ಬಂದ. ಮುಂದಿನ ಹದಿನೇಳು ಹದಿನೆಂಟು ವರ್ಷ ಅಲ್ಲಿಯೇ ಕಳೆದ. ಸಂಬಳ ವರ್ಷಕ್ಕೆ ೧೬೦೦ ಫ್ರಾಂಕ್, ಬಡ್ತಿಯ ಸುಳಿವಿಲ್ಲ. ಒಂದು ಚಳಿಗಾಲದ ರಾತ್ರಿ, ಮಕ್ಕಳೆಲ್ಲ ಮಲಗಿದ ಮೇಲೆ, ಲೆಯೋಂ ದ್ಯುಫೂರ್ ಎಂಬ ಕೀಟಶಾಸ್ತ್ರಜ್ಞನ ಲೇಖನವೊಂದು ಅವನ ಕೈಗೆ ಬಂತು. ಸರ್ಸೆರಿಸ್ ಎಂಬ ಕಣಜ ನೆಲದೊಳಗಿನ ತನ್ನ ಗೂಡಿನಲ್ಲಿ ದುಂಬಿಗಳನ್ನು ಕೂಡಿಡುತ್ತದೆ; ಅವು ಎಷ್ಟು ದಿನವಾದರೂ ಕೊಳೆಯುವುದಿಲ್ಲ. ಕೊಂದ ದುಂಬಿಗಳು ಕೆಡದಂತೆ ಕಣಜವು ಯಾವುದೋ ರಸವನ್ನು ಚುಚ್ಚುತ್ತಿರಬೇಕೆಂದು ದ್ಯುಫೂರನು ಊಹಿಸಿದ್ದ. ದೊಡ್ಡ ವಿದ್ವಾಂಸನ ಮಾತು, ಒಪ್ಪಿ ಸುಮ್ಮನಾಗಬಹುದಾಗಿತ್ತು. ಆದರೆ ಫಾಬ್ರನಿಗೆ ತಾನೇ ಕಣ್ಣಾರೆ ನೋಡಬೇಕೆನಿಸಿತು.

ರಜೆಯ ದಿನಗಳಲ್ಲಿ ಅವನು ಅದೇ ಜಾತಿಯ ಇನ್ನೊಂದು ಕಣಜದ ಗೂಡುಗಳಿದ್ದ ದಿಣ್ಣೆಯ ಮುಂದೆ ಕುಳಿತ. ಅದು ತರುತ್ತಿದ್ದುದು ಸೊಂಡಿಲಿನ ದುಂಬಿಗಳನ್ನು. ಅವುಗಳನ್ನು ಅಗೆದು ತೆಗೆದು ಪರೀಕ್ಷಿಸಿದ. ದುಂಬಿಗಳು ಸತ್ತಿರಲಿಲ್ಲ! ಕೀಲುಗಳು ಮೆತ್ತಗಿದ್ದುವು, ಕರುಳು ಕೆಲಸ ಮಾಡುತ್ತಿತ್ತು, ವಿದ್ಯುತ್ತಿನ ತಂತಿ ತಾಗಿಸಿದರೆ ಕಾಲುಗಳು ಮಿಡಿಯುತ್ತಿದ್ದುವು. ಕಣಜ ತಂದ ದುಂಬಿಯನ್ನು ಉಪಾಯದಿಂದ ಕಸಿದುಕೊಂಡು, ಅದರ ಜಾಗದಲ್ಲಿ ಬದುಕಿರುವ ದುಂಬಿಯನ್ನಿಟ್ಟ. ಕಣಜ ಅದರ ಎದೆಯ ಕೆಳಗೆ, ನರಗಂಟುಗಳಿರುವ ಕಡೆಗೆ ಸರಿಯಾಗಿ ಕೊಂಡಿಯಿಳಿಸಿದುದನ್ನು ಕಣ್ಣಾರೆ ಕಂಡ. ದುಂಬಿ ಆ ಕ್ಷಣದಲ್ಲಿಯೇ ನಿಶ್ಚಲವಾಯಿತು. ಪ್ರಾಣ ಮಾತ್ರ ಹೋಗಲಿಲ್ಲ. ಸತ್ತ ಆಹಾರ ಕೊಳೆಯುತ್ತದೆ. ಓಡಾಡುವ ಆಹಾರ ಎಳೆಯ ಮರಿಯನ್ನು ಘಾಸಿಗೊಳಿಸುತ್ತದೆ. ಆದುದರಿಂದ ತಾಯಿ ಕಣಜವು ಜೀವವಿದ್ದೂ ಅಲುಗಾಡದ ಆಹಾರವನ್ನು ಒದಗಿಸಿ, ಅದರೊಡನೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬಂದ ಮರಿಹುಳು ಆ ದುಂಬಿಗಳನ್ನು ತಿಂದು ಬೆಳೆದು ಕಣಜವಾಗುತ್ತದೆ. ೧೮೫೫ರಲ್ಲಿ ಪ್ರಕಟವಾದ ಈ ಶೋಧನೆಗೆ ಮರುವರ್ಷ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮೋಂತಿಯೋಂ ಬಹುಮಾನ ಬಂತು. ತನ್ನ ಊಹೆಯನ್ನು ತಿದ್ದಿದ ಕಿರಿಯನನ್ನು ದ್ಯುಫೂರನು ಪ್ರೋತ್ಸಾಹಿಸಿದನೆಂಬುದೂ ನೆನೆಯತಕ್ಕ ಮಾತು.

ನಮ್ಮ ಗೋಡೆಯ ಗೂಡಿನಲ್ಲಿ ನಡೆಯುವುದೂ ಇದೇ ರೀತಿಯ ವ್ಯವಹಾರ. ಹುಳು ಧ್ಯಾನಿಸಿ ಕಣಜವಾಗುವುದಿಲ್ಲ. ಹುಳುವನ್ನು ತಿಂದು ಕಣಜದ ಮರಿ ಕಣಜವಾಗುತ್ತದೆ. ಇದರಿಂದ ಹಿರಿಯರ ಉಪಮಾನಕ್ಕೆ ಕುಂದು ಬಂತೆಂದು ನಾನು ಹೇಳುವುದಿಲ್ಲ. ಅವರಿಗೆ ಬೇಕಾಗಿದ್ದುದು ಧ್ಯಾನದ ಮಹಿಮೆ. ಅದನ್ನು ಹೇಳಲು ಕಣಜ ಒಂದು ನೆಪ. ಆದರೆ ನಮಗೆ ಬೇಕಾದ ಅರ್ಥವನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡು ಹೋದಾಗ ಕಣ್ಣೆದುರಿನ ಕಣಜವೇ ನಮಗೆ ಕಾಣದೆ ಹೋಗುತ್ತದೆಂಬುದು ಮಾತ್ರ ನಿಜ.

ಫಾಬ್ರನ ನೋಟದ ರೀತಿಯನ್ನು ತಿಳಿಸುವ ಒಂದು ಪ್ರಸಂಗವಿದೆ. ಒಮ್ಮೆ ಅವನು ಬೆಳಗ್ಗೆಯೇ ಹಳ್ಳದ ದಂಡೆಯ ಕಲ್ಲೊಂದರ ಮೇಲೆ ಕುಳಿತು ಕಣಜದ ದಾರಿ ಕಾಯುತ್ತಿದ್ದ. ದ್ರಾಕ್ಷಿಯ ಕೊಯ್ಲಿಗೆ ಹೊರಟಿದ್ದ ಮೂವರು ಹೆಂಗಸರು ಅವನನ್ನು ನೋಡಿ ಮುಂದೆ ಹೋದರು. ಸಂಜೆ ಬುಟ್ಟಿ ಹೊತ್ತು ಮರಳುವಾಗಲೂ ಆ ಮನುಷ್ಯ ಅದೇ ಕಲ್ಲಿನ ಮೇಲೆ ಅದೇ ಮಣ್ಣನ್ನು ನೋಡುತ್ತ ಕುಳಿತಿದ್ದಾನೆ! ಬುದ್ಧಿ ಸ್ವಾಧೀನವಿಲ್ಲದ ಬಡಪಾಯಿಯೆಂದು ಮರುಗಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಅವರು ಮುಂದೆ ಸಾಗಿದರು. ಆ ಹೆಂಗಸರ ಬುಟ್ಟಿಗಳು ತುಂಬಿದ್ದುವು. ಇವನ ಕೈ ಬರಿದು. ದಿನದ ಫಲವನ್ನು ಅಳೆಯುವವರ ಕಣ್ಣಿಗೆ ಅವನು ಹುಚ್ಚನಾಗಿ ಕಂಡುದರಲ್ಲಿ ತಪ್ಪೇನು?

೧೮೬೫ರಲ್ಲಿ ಮಹಾವಿಜ್ಞಾನಿ ಲೂಯಿ ಪಾಸ್ತರನು ಇವನ ಮನೆಗೆ ಬಂದ. ರೇಷ್ಮೆಹುಳುಗಳಿಗೆ ಬಂದ ರೋಗದಿಂದ ದಕ್ಷಿಣ ಫ್ರಾನ್ಸಿನ ರೈತರು ಹಾಳಾಗುತ್ತಿದ್ದರು. ಅದರ ಕಾರಣವನ್ನು ಕಂಡುಹಿಡಿಯುವುದು ಪಾಸ್ತರನ ಹೊಣೆ. ಫಾಬ್ರ ಒಂದು ರೇಷ್ಮೆಗೂಡನ್ನು ಅವನ ಕೈಗಿತ್ತ. ಪಾಸ್ತರನು ಅದನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಏನೋ ಇದೆಯೆಂದು ಆಶ್ಚರ್ಯಪಟ್ಟ. ಅದೇನೆಂಬುದನ್ನು ಫಾಬ್ರ ತಿಳಿಸಬೇಕಾಯಿತು. ನಮ್ಮ ರಾಮನಗರದ ಕಡೆಯ ಪುಟ್ಟ ಮಗುವೂ ನಗುವ ಮಾತು! ಆದರೆ ಫಾಬ್ರ ನಗಲಿಲ್ಲ. ಏನನ್ನೂ ಓದಿಕೊಳ್ಳದೆ ಬಂದ ಈ ಮನುಷ್ಯ ಯಾರ ಅಭಿಪ್ರಾಯದ ಹೊರೆಯೂ ಇಲ್ಲದೆ ಹುಳುವನ್ನೇ ನೇರವಾಗಿ ನೋಡಲು ಹೊರಟಿದ್ದಾನೆಂಬುದು ಅವನ ಮನಸ್ಸಿಗೆ ನಾಟಿತು. ಪಾಸ್ತರನು ಮುಂದೆ ರೋಗವನ್ನು ತಡೆಯುವ ದಾರಿಯನ್ನು ಕಂಡುಹಿಡಿದುದು ಚರಿತ್ರೆ. ತಿಳಿಯದವನಾಗಿ ಹೋಗಿ ಹುಳುವನ್ನೇ ಕೇಳುವುದು ಅಂದಿನಿಂದ ಫಾಬ್ರನ ವ್ರತವಾಯಿತು.

ಹಾಗಾದರೆ ಅವನು ಫಲವನ್ನೇ ಬಯಸದ ವಿರಕ್ತನೆ? ಅಲ್ಲ. ಇಲ್ಲಿಯೇ ಅವನ ಜೀವನದ ಮುಖ್ಯವಾದ ಪಾಠವಿದೆಯೆಂದು ನನ್ನ ನಂಬಿಕೆ. ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾಗಬೇಕೆಂಬ ಆಸೆ ಅವನಿಗಿತ್ತು. ಸ್ವಂತ ಆಸ್ತಿಯಿಲ್ಲದವನು ಆ ಪದವಿಗೆ ತಕ್ಕಂತೆ ಬಾಳಲಾರನೆಂದು ಮೇಲಧಿಕಾರಿಯೊಬ್ಬ ತಿಳಿಸಿದ. ಆಸ್ತಿ ತಾನೆ ಬೇಕು? ಸಂಪಾದಿಸುವೆನೆಂದು ಹೊರಟ. ಆ ಸೀಮೆಯಲ್ಲಿ ನಮ್ಮ ಮಂಜಿಷ್ಠದ ಜಾತಿಯ ಬಣ್ಣದ ಬೇರನ್ನು ಹೇರಳವಾಗಿ ಬೆಳೆಯುತ್ತಿದ್ದರು. ಅದರಿಂದ ಅಪ್ಪಟ ಕೆಂಪು ಬಣ್ಣವನ್ನು ತೆಗೆಯುವ ವಿಧಾನಕ್ಕಾಗಿ, ಶಾಲೆಯ ಕೆಲಸ ಮುಗಿದ ಮೇಲೆ ವರ್ಷಗಟ್ಟಲೆ ಬಣ್ಣದ ಕಡಾಯಿಗಳ ಮುಂದೆ ದುಡಿದ. ವಿಧಾನ ಸಿದ್ಧಿಸಿತು, ಕಾರ್ಖಾನೆಯೂ ಏರ್ಪಟ್ಟಿತು. ವಿದ್ಯಾಮಂತ್ರಿಯಾಗಿದ್ದ ವಿಕ್ತೋರ್ ದ್ಯುರ್ಯುಯಿ ಇವನ ಪ್ರಯೋಗಶಾಲೆಗೆ ಬಂದು ಮೆಚ್ಚಿ, ಮುಂದೆ ಪ್ಯಾರಿಸಿಗೆ ಕರೆಸಿ ರಾಷ್ಟ್ರದ ಗೌರವಪದಕ ಕೊಡಿಸಿ, ಚಕ್ರವರ್ತಿ ಮೂರನೆಯ ನೆಪೋಲಿಯನ್ನನಿಗೆ ಪರಿಚಯ ಮಾಡಿಸಿದ. ಇನ್ನೇನು ಭಾಗ್ಯದ ಬಾಗಿಲು ತೆರೆಯಿತೆನ್ನುವಷ್ಟರಲ್ಲಿ, ೧೮೬೮ರಲ್ಲಿ, ಜರ್ಮನಿಯ ಗ್ರೇಬ ಮತ್ತು ಲೀಬರ್‌ಮನ್ ಎಂಬ ರಸಾಯನಶಾಸ್ತ್ರಜ್ಞರು ಅದೇ ಬಣ್ಣವನ್ನು ಕಲ್ಲಿದ್ದಲ ಟಾರಿನಿಂದ ಕೃತಕವಾಗಿ ತಯಾರಿಸಿದರು. ಬೇರಿಗೆ ಬೆಲೆಯಿಲ್ಲದಾಯಿತು. ಫಾಬ್ರನ ವರ್ಷಗಳ ದುಡಿಮೆ ಕಡಾಯಿಯ ತಳದ ಗಸಿಯಾಯಿತು.

ಫಲಕ್ಕಾಗಿಯೇ ಮಾಡಿದ ಕೆಲಸ ಫಲ ತಪ್ಪಿದೊಡನೆ ಏನೂ ಉಳಿಯದಂತೆ ಅಳಿಯಿತು. ಏನನ್ನೂ ಬಯಸದೆ ಕಲ್ಲಿನ ಮೇಲೆ ಕುಳಿತು ಕಣಜವನ್ನು ನೋಡಿದ ದಿನಗಳು ಮಾತ್ರ ಇಂದಿಗೂ ಉಳಿದಿವೆ.

ಕಷ್ಟ ಒಂಟಿಯಾಗಿ ಬರುವುದಿಲ್ಲ. ದ್ಯುರ್ಯುಯಿಯ ಪ್ರೇರಣೆಯಿಂದ ಅವಿನ್ಯೋನಿನಲ್ಲಿ ಸಾರ್ವಜನಿಕರಿಗಾಗಿ ನಡೆದ ತರಗತಿಗಳಲ್ಲಿ ಫಾಬ್ರ ಪಾಠ ಹೇಳುತ್ತಿದ್ದ. ಹೆಣ್ಣುಮಕ್ಕಳೂ ಬಂದು ಕೇಳುತ್ತಿದ್ದರು. ಹೂವಿನಲ್ಲಿ ಗರ್ಭಾಧಾನವಾಗುವ ಬಗೆಯನ್ನು ಹೆಣ್ಣುಮಕ್ಕಳ ಮುಂದೆ ವಿವರಿಸಿದುದು ಸಂಪ್ರದಾಯಸ್ಥರಿಗೆ ಸಹನೆಯಾಗಲಿಲ್ಲ. ಮನೆಯ ಒಡತಿಯರು ಅವನನ್ನು ಮನೆ ಬಿಡಿಸಿದರು. ಅವನು ಕೆಲಸವನ್ನೂ ತೊರೆದ. ಆಗ ಅವಿನ್ಯೋನಿನ ಬಳಿ ನೆಲೆಸಿದ್ದ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಸ್ಟುಅರ್ಟ್ ಮಿಲ್, ಗಿಡಗಳನ್ನು ಹುಡುಕುತ್ತ ತನ್ನೊಡನೆ ಅಲೆದ ಈ ಸ್ನೇಹಿತನಿಗೆ ೩೦೦೦ ಫ್ರಾಂಕ್ ಸಾಲ ಕೊಟ್ಟು ಕೈಹಿಡಿದ. ಫಾಬ್ರ ಸಂಸಾರದೊಡನೆ ಒರಾಂಜ್ ಎಂಬ ಊರಿಗೆ ಹೋಗಿ, ಮಕ್ಕಳಿಗಾಗಿ ವಿಜ್ಞಾನದ ಪಠ್ಯಪುಸ್ತಕಗಳನ್ನು ಒಂದರ ಮೇಲೊಂದು ಬರೆದು ಸಾಲವನ್ನು ತೀರಿಸಿದ.

೧೮೭೭ರಲ್ಲಿ ಜ್ಯೂಲ್ ಎಂಬ ಮಗ ಹದಿನಾರನೆಯ ವಯಸ್ಸಿನಲ್ಲಿ ತೀರಿಕೊಂಡ. ಹೂವು ಹುಳುಗಳನ್ನು ಹುಡುಕುವುದರಲ್ಲಿ ತಂದೆಗೆ ಬಲಗೈಯಾಗಿದ್ದ ಹುಡುಗ. ದುಃಖ ಫಾಬ್ರನನ್ನು ಹಾಸಿಗೆ ಹಿಡಿಸಿತು. ಬದುಕುವನೆಂಬ ಭರವಸೆಯೇ ಇರಲಿಲ್ಲ. ಚೇತರಿಸಿಕೊಂಡ ಮೇಲೆ, ತಾನು ಹೊಸದಾಗಿ ಗುರುತಿಸಿದ ಕಣಜಗಳಿಗೆ ಮಗನ ಹೆಸರನ್ನಿಟ್ಟ.

೧೮೭೯ರಲ್ಲಿ, ಐವತ್ತೈದು ದಾಟಿದ ಮೇಲೆ, ಸೆರಿಞಾನ್ ಎಂಬ ಹಳ್ಳಿಯಲ್ಲಿ ಸುಮಾರು ಒಂದು ಹೆಕ್ಟೇರ್ ನೆಲವನ್ನು ಮನೆಯೊಡನೆ ಕೊಂಡ. ಕಲ್ಲು ತುಂಬಿ, ಮುಳ್ಳು ಬೆಳೆದು, ಉಳಲು ಬಾರದ ಭೂಮಿ. ಅಂತಹ ಬಂಜರಿಗೆ ಆ ಸೀಮೆಯ ಮಾತಿನಲ್ಲಿ ಹರ್ಮಾಸ್ ಎಂದು ಹೆಸರು. ಯಾರಿಗೂ ಬೇಡವಾದ ಆ ಮುಳ್ಳಿನ ಹೂಗಳಿಗೆ ಜೇನು ಕಣಜಗಳೆಲ್ಲ ಬರುತ್ತಿದ್ದುದರಿಂದ ಇವನಿಗೆ ಅದೇ ನಂದನವನವಾಯಿತು. ಕೀಟಗಳ ನೆನಪುಗಳನ್ನು ಕುರಿತ ಅವನ ಮಹಾಗ್ರಂಥದ ಮೊದಲ ಸಂಪುಟ ಅದೇ ವರ್ಷ ಹೊರಬಂತು, ಹತ್ತನೆಯದು ೧೯೦೭ರಲ್ಲಿ. ಪುಟ್ಟ ಮೇಜೊಂದರ ಮೇಲೆ ಇಷ್ಟನ್ನೂ ಬರೆದ.

ಆ ಗ್ರಂಥದಲ್ಲಿ ಬರುವ ಒಂದು ಪರೀಕ್ಷೆಯನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಪೈನ್ ಮರದ ಮೇಲೆ ಬೆಳೆಯುವ ಒಂದು ಜಾತಿಯ ಕಂಬಳಿಹುಳುಗಳು ಒಂದರ ಬಾಲಕ್ಕೆ ಇನ್ನೊಂದು ತಲೆಯೊತ್ತಿ, ಮುಂದಿನದು ಬಿಟ್ಟ ನೂಲಿನ ಮೇಲೆಯೇ ಹಿಂದಿನದು ನಡೆಯುತ್ತ ಮೆರವಣಿಗೆ ಹೋಗುತ್ತವೆ. ೧೮೯೬ರ ಜನವರಿ ೩೦ರಂದು ಅಂತಹ ಸಾಲೊಂದು ದೊಡ್ಡ ಹೂಕುಂಡದ ಅಂಚನ್ನೇರಿತು. ಸಾಲು ಬಳೆಯಂತೆ ಕೂಡಿಕೊಂಡೊಡನೆ ಉಳಿದ ಹುಳುಗಳನ್ನು ಫಾಬ್ರ ಸರಿಸಿಬಿಟ್ಟ. ಈಗ ಮುಂದಾಳಿಲ್ಲ, ಎಲ್ಲವೂ ಹಿಂಬಾಲಕರೇ. ಕೊರೆಯುವ ಚಳಿಯಲ್ಲಿ, ಹೊಟ್ಟೆಗಿಲ್ಲದೆ, ಗೇಣು ದೂರದಲ್ಲಿ ಹಸಿರೆಲೆಯಿದ್ದರೂ ಅವು ಏಳು ದಿನ ಆ ಅಂಚಿನ ಮೇಲೆಯೇ ಸುತ್ತಿದುವು. ಮುನ್ನೂರಕ್ಕೂ ಹೆಚ್ಚು ಸುತ್ತುಗಳೆಂದು ಫಾಬ್ರ ಲೆಕ್ಕವಿಟ್ಟಿದ್ದಾನೆ. ಎಂಟನೆಯ ದಿನ ಸಾಲು ಅಕಸ್ಮಾತ್ತಾಗಿ ಮುರಿದು ಕೆಳಗಿಳಿದುವು. ಇದನ್ನು ಓದುವಾಗ ನನಗೆ ನಮ್ಮ ಪರೀಕ್ಷೆಗಳೂ, ಮುಂದಿನವನು ಹೋದ ದಾರಿಯಲ್ಲಿ ತಲೆಯೆತ್ತದೆ ಹೋಗುವ ನಮ್ಮ ಸಾಲೂ ನೆನಪಾದುದನ್ನು ಮುಚ್ಚಿಡಲಾರೆ.

ಫಾಬ್ರನು ತಪ್ಪನ್ನೇ ಮಾಡಲಿಲ್ಲವೆಂದಲ್ಲ. ಮರದ ಮೇಲೆ ಕಿರ್ರೆನ್ನುವ ಜೀರುಂಡೆಗಳ ಕೆಳಗೆ ಹಬ್ಬದ ಫಿರಂಗಿಯನ್ನು ಹಾರಿಸಿ, ಅವು ಹಾಡು ನಿಲ್ಲಿಸದಿದ್ದುದರಿಂದ ಅವಕ್ಕೆ ಕಿವುಡೆಂದು ತೀರ್ಮಾನಿಸಿದ. ಅವುಗಳಿಗೆ ಶ್ರವಣೇಂದ್ರಿಯ ಉಂಟೆಂದು ಮುಂದಿನವರು ತೋರಿಸಿದ್ದಾರೆ. ಕಣಜದ ಕೊಂಡಿ ಅವನು ತಿಳಿದಷ್ಟು ಗುರಿತಪ್ಪದ್ದೇನೂ ಅಲ್ಲ. ವಿಕಾಸವಾದವನ್ನು ಅವನು ಕೊನೆಯವರೆಗೂ ಒಪ್ಪಲಿಲ್ಲ; ಆ ವಾದ ಇಂದು ಜೀವಶಾಸ್ತ್ರದ ಬುನಾದಿಯಾಗಿದೆ. ಆದರೂ ವಿಕಾಸವಾದದ ಕರ್ತೃವಾದ ಡಾರ್ವಿನ್ನನೇ ಇವನನ್ನು ಸಾಟಿಯಿಲ್ಲದ ವೀಕ್ಷಕನೆಂದು ತನ್ನ ಗ್ರಂಥದಲ್ಲಿ ಹೊಗಳಿದ. ಪತ್ರ ಬರೆದು ಜೇನ್ನೊಣಗಳ ಮೇಲೆ ಮಾಡಬೇಕಾದ ಪ್ರಯೋಗಗಳನ್ನು ಸೂಚಿಸಿದ. ಫಾಬ್ರ ಅವುಗಳನ್ನು ಶ್ರದ್ಧೆಯಿಂದ ಮಾಡಿದ. ಸಿದ್ಧಾಂತದಲ್ಲಿ ಎದುರಾಳಿಗಳಾದರೂ ನೋಟದಲ್ಲಿ ಇಬ್ಬರೂ ಒಂದೇ ಕುಲದವರು.

ತನ್ನ ತಪ್ಪನ್ನು ತಾನೇ ಕಂಡಾಗ ಅವನು ಮುಚ್ಚಿಡಲಿಲ್ಲ. ಸಗಣಿಯ ಉಂಡೆಯನ್ನು ಉರುಳಿಸುವ ದುಂಬಿ ಎಲ್ಲಿ ಮೊಟ್ಟೆಯಿಡುವುದೆಂದು ಮೊದಲ ಸಂಪುಟದಲ್ಲಿ ಹೇಳಲಾರದೆ ಹೋಗಿದ್ದ. ಉರುಳಿಸುವ ಉಂಡೆ ಕೇವಲ ಆಹಾರ; ಮೊಟ್ಟೆಯಿರುವುದು ನೆಲದೊಳಗೆ ಪೇರುಹಣ್ಣಿನ ಆಕಾರದಲ್ಲಿ ಮಾಡಿದ ಬೇರೊಂದು ಮುದ್ದೆಯಲ್ಲಿ. ಅಂತಹ ಮುದ್ದೆಯನ್ನು ಅವನಿಗೆ ಮೊದಲು ತಂದುಕೊಟ್ಟವನು ಒಬ್ಬ ಕುರಿಗಾಹಿ ಹುಡುಗ. ೧೮೯೭ರ ಐದನೆಯ ಸಂಪುಟದಲ್ಲಿ ಎಲ್ಲವನ್ನೂ ತಿದ್ದಿ ಬರೆದ; ಕುರಿಗಾಹಿಯ ಉಪಕಾರವನ್ನೂ ಬರೆದ. ಹೆಣ್ಣು ಚಿಟ್ಟೆಯೊಂದು ಪಂಜರದಲ್ಲಿದ್ದ ರಾತ್ರಿ ಎಲ್ಲಿಂದಲೋ ನಲವತ್ತರಷ್ಟು ಗಂಡುಚಿಟ್ಟೆಗಳು ಕತ್ತಲಲ್ಲಿ ಮನೆಗೆ ನುಗ್ಗಿದುವು. ಕರೆದುದು ವಾಸನೆಯಿರಬೇಕೆಂಬಲ್ಲಿಯವರೆಗೆ ಬಂದರೂ, ಮನುಷ್ಯನ ಮೂಗಿಗೆ ನಿಲುಕದ ಆ ವಸ್ತುವನ್ನು ಅವನು ಹಿಡಿಯಲಾರದಾದ. ರೇಷ್ಮೆಚಿಟ್ಟೆಯಿಂದ ಅಂತಹ ವಸ್ತುವನ್ನು ಬೂಟೆನಾಂಟ್ ಎಂಬ ಜರ್ಮನ್ ವಿಜ್ಞಾನಿ ಬೇರ್ಪಡಿಸಿದುದು ೧೯೫೯ರಲ್ಲಿ. ಉತ್ತರ ತಪ್ಪಾಗಬಹುದು, ತಡವಾಗಬಹುದು. ನೋಡಿದುದನ್ನು ನೋಡಿದಂತೆ ಬರೆದಿದ್ದರೆ ಅದು ಮುಂದೆ ಬರುವವನಿಗೆ ಬುತ್ತಿಯಾಗುತ್ತದೆ.

ಮುಪ್ಪಿನಲ್ಲಿ ಬಡತನ ಮತ್ತೆ ಕಾಡಿತು. ಪಠ್ಯಪುಸ್ತಕಗಳ ಮಾರಾಟ ನಿಂತಿತ್ತು. ೧೯೧೦ರ ಏಪ್ರಿಲಿನಲ್ಲಿ ಅಭಿಮಾನಿಗಳು ಹಳ್ಳಿಯಲ್ಲಿಯೇ ಸಮಾರಂಭ ಮಾಡಿ ಅವನನ್ನು ಸನ್ಮಾನಿಸಿದರು. ಹೆಸರು ಒಮ್ಮೆಲೆ ದೇಶವಿದೇಶಗಳಿಗೆ ಹರಡಿತು. ನೊಬೆಲ್ ಸಾಹಿತ್ಯ ಪಾರಿತೋಷಕಕ್ಕೂ ಅವನ ಹೆಸರನ್ನು ಸೂಚಿಸಲಾಗಿತ್ತು, ಅದು ಬರಲಿಲ್ಲ. ೧೯೧೩ರಲ್ಲಿ ರಾಷ್ಟ್ರಾಧ್ಯಕ್ಷ ಪ್ವಾಂಕಾರೆಯೇ ಹಳ್ಳಿಗೆ ಬಂದು ವಂದನೆ ಸಲ್ಲಿಸಿದ. ಕೀರ್ತಿ ಬಂದಾಗ ಫಾಬ್ರನಿಗೆ ಎಂಬತ್ತಾರು, ನಡೆದಾಡುವುದೂ ಕಷ್ಟವಾಗಿತ್ತು. ಕೀರ್ತಿಯನ್ನು ಕಾಯುತ್ತ ಕುಳಿತಿದ್ದರೆ ಬಾಳೆಲ್ಲ ಬರಿಯ ಕಾಯುವಿಕೆಯಾಗುತ್ತಿತ್ತು. ಅವನು ಕಾದುದು ಕಣಜವನ್ನು. ಕಣಜ ಬರುತ್ತಲೇ ಇತ್ತು. ೧೯೧೫ರ ಅಕ್ಟೋಬರ್ ೧೧ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಹರ್ಮಾಸಿನಲ್ಲಿಯೇ ಕಣ್ಣು ಮುಚ್ಚಿದ. ಆ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ಫಾಬ್ರನ ಹಾಗೆ ನಾವೆಲ್ಲರೂ ಹುಳುಗಳ ಮುಂದೆ ಕುಳಿತುಕೊಳ್ಳಬೇಕೆಂದು ನಾನು ಹೇಳಲಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓದು ಮುಗಿದ ಮೇಲೆ ಮುಂದೇನೆಂದು ಕೇಳುವ ಹಕ್ಕು ಮನೆಯವರಿಗೆ ಇದೆ. ಉತ್ತರ ಕೊಡುವ ಋಣ ನನಗಿದೆ. ಆದರೆ ಮುಂದೇನು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಮೂರು ವರ್ಷ ಓದಿದವನಿಗೆ ಈಗ ಎದುರಿಗೇನಿದೆ ಎಂಬುದು ಎಷ್ಟು ಕಂಡಿತು?

ಕಳೆದ ರಜೆಯಲ್ಲಿ ಊರಿಗೆ ಹೋಗಿದ್ದಾಗ ದನದ ಕೊಟ್ಟಿಗೆಯ ಗೋಡೆಯಲ್ಲಿ ಕಟ್ಟಿದ್ದ ಗೂಡೊಂದನ್ನು ಚಾಕುವಿನಿಂದ ಮೆಲ್ಲನೆ ಬಿಡಿಸಿದೆ. ಒಳಗೆ ಏಳು ಹಸಿರು ಹುಳುಗಳಿದ್ದುವು. ಬಾಡಿದಂತಿದ್ದರೂ ಕಡ್ಡಿಯಿಂದ ಮುಟ್ಟಿದಾಗ ಒಂದರ ಮೈ ಸ್ವಲ್ಪ ಸೆಳೆಯಿತು. ಅವುಗಳ ನಡುವೆ ಅಕ್ಕಿಕಾಳಿಗಿಂತ ಸಣ್ಣದೊಂದು ಬಿಳಿಯ ಮರಿಯಿತ್ತು. ಸಂಭ್ರಮದಿಂದ ಅಪ್ಪನನ್ನು ಕರೆದು ತೋರಿಸಿದೆ; ಅಜ್ಜಿಯ ಕಥೆ ನಿಜವಲ್ಲವೆಂದು ವಿವರಿಸತೊಡಗಿದೆ. ಅಪ್ಪನಿಗೆ ಏನೂ ಆಶ್ಚರ್ಯವಾಗಲಿಲ್ಲ. ವರ್ಷವರ್ಷವೂ ಹಬ್ಬಕ್ಕೆ ಗೋಡೆ ಸಾರಿಸುವಾಗ ಆ ಗೂಡುಗಳನ್ನು ಕೆರೆದು ಹಾಕುವವನು ಅವನೇ. ಒಳಗೆ ಜೀವವಿರುವ ಹುಳುಗಳೂ, ಅವುಗಳನ್ನು ತಿನ್ನುವ ಬಿಳಿಯ ಮರಿಯೂ ಇರುವುದು ಅವನಿಗೆ ಚಿಕ್ಕಂದಿನಿಂದಲೂ ಗೊತ್ತಂತೆ. ಕೆಲವು ಗೂಡುಗಳಲ್ಲಿ ಹುಳುಗಳ ಬದಲು ಜೇಡಗಳಿರುತ್ತವೆಂಬುದನ್ನೂ ಅವನೇ ನನಗೆ ಹೇಳಿದ. ಇಷ್ಟು ದಿನ ಏಕೆ ಹೇಳಲಿಲ್ಲವೆಂದು ಕೇಳಿದೆ. ಯಾರೂ ಕೇಳಿರಲಿಲ್ಲವಂತೆ.

ಹೆಬ್ಬೆಟ್ಟೊತ್ತುವ ನನ್ನ ತಂದೆಯನ್ನು, ಪದವಿಯ ಹೊಸ್ತಿಲಿಗೆ ಬಂದ ನಾನು ಅಂದು ಮೊದಲ ಬಾರಿಗೆ ಇದ್ದಂತೆ ನೋಡಿದೆನೆಂದು ತೋರುತ್ತದೆ. ಫಾಬ್ರನ ಜೀವನದಿಂದ ನಾನು ಪಡೆದುದು ಇಷ್ಟು. ಉಳಿದುದನ್ನು ಗೂಡಿಗೆ ಮತ್ತೆ ಮಣ್ಣು ಮೆತ್ತಿಟ್ಟು ಬಂದಿದ್ದೇನೆ. ಮುಂದಿನ ರಜೆಯಲ್ಲಿ ಹೋಗಿ ನೋಡಬೇಕು.